ಬೀಲ್‌ನ ರಿಪೇರಿ ಅಂಗಡಿಯಲ್ಲಿ ಅಪ್ಪನ ಜನತಾ ವಾಚು

ಕಳೆದ ನವೆಂಬರಿನ ಒಂದು ಶನಿವಾರ ಅಪ್ಪನ ಎಚ್‌ಎಂಟಿ ಜನತಾ ವಾಚನ್ನು ಇಲ್ಲಿಯ ಹಳೆಪೇಟೆಯಲ್ಲಿರುವ ಒಬ್ಬ ರಿಪೇರಿಯವರ ಅಂಗಡಿಗೆ ಒಯ್ದೆ. ನಾನಿರುವುದು ಸ್ವಿಟ್ಜರ್ಲೆಂಡಿನ ಬೀಲ್ ಪಟ್ಟಣದಲ್ಲಿ. ಒಮೆಗಾ ಇಲ್ಲಿಯದು, ಸ್ವಾಚ್ ಗ್ರೂಪಿನ ಮುಖ್ಯ ಕಚೇರಿ ಇಲ್ಲಿದೆ, ರೋಲೆಕ್ಸ್ ವಾಚುಗಳ ಒಳಯಂತ್ರ ತಯಾರಾಗುವುದೂ ಇಲ್ಲಿಯೇ. ಅಂಥ ಊರಿನಲ್ಲಿ ಜನತಾ ವಾಚನ್ನು ಜೇಬಿನಿಂದ ತೆಗೆಯುವುದೆಂದರೆ ತಿರುಪತಿಯ ಬೆಟ್ಟದ ಮೇಲೆ ನಿಂತು ನಮ್ಮೂರ ಬೇಕರಿಯ ಲಾಡನ್ನು ಬಿಚ್ಚಿದಂತೆ ಎಂಬ ಸಂಕೋಚ ನನಗಿತ್ತು.

ಎಪ್ಪತ್ತೈದು ದಾಟಿದ ಆ ಅಜ್ಜ ಹಿಂಬದಿಯ ಮುಚ್ಚಳ ತೆಗೆದು, ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು, ಒಂದೆರಡು ನಿಮಿಷ ಮಾತಿಲ್ಲದೆ ನೋಡಿದರು. ವಿನ್ಯಾಸ ಜಪಾನಿನ ಸಿಟಿಜನ್ ಕಂಪನಿಯದು ಎಂದರು. ಮತ್ತೆ ಬಗ್ಗಿ ನೋಡಿ, ಆದರೆ ಕೆಲಸ ಚೆನ್ನಾಗಿದೆ, ಐವತ್ತು ವರ್ಷವಾದರೂ ಚಕ್ರದ ಹಲ್ಲು ಸವೆದಿಲ್ಲ, ಎಲ್ಲಿ ಮಾಡಿದ್ದು ಎಂದು ಕೇಳಿದರು. ‘ಬೆಂಗಳೂರು’ ಎಂದಾಗ ನನ್ನ ದನಿಯಲ್ಲಿ ಇದ್ದ ಜಂಬವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅವರು ವಾಚನ್ನು ಮೆತ್ತನೆಯ ಬಟ್ಟೆಯ ಮೇಲಿಟ್ಟು, ಯಾವ ಕುಹಕವೂ ಇಲ್ಲದೆ, ಬರಿಯ ಕುತೂಹಲದಿಂದ ಕೇಳಿದರು: ‘ಇದಾದ ಮೇಲೆ ನಿಮ್ಮವರು ಏನು ಮಾಡಿದರು?’

ನನಗೆ ಉತ್ತರ ಹೊಳೆಯಲಿಲ್ಲ. ಮುಂದಿನ ವಾರ ಬರುತ್ತೇನೆಂದು ಹೇಳಿ ಹೊರಬಿದ್ದೆ. ಆದರೆ ಆ ಪ್ರಶ್ನೆ ಮನೆಯವರೆಗೂ ಜೊತೆಗೆ ಬಂತು, ಅದು ಇನ್ನೂ ಮನೆಯಲ್ಲೇ ಇದೆ.

ನಮ್ಮ ಕಡೆ ಆ ವಾಚಿಗೆ ಇದ್ದ ಮರ್ಯಾದೆಯನ್ನು ಕನ್ನಡ ಓದುವವರಿಗೆ ವಿವರಿಸಬೇಕಾಗಿಲ್ಲ. ಅಪ್ಪ ತುಮಕೂರು ಜಿಲ್ಲೆಯ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರಾಗಿದ್ದರು. ವಾಚು ಅಮ್ಮನ ಮನೆಯವರು ಮದುವೆಯಲ್ಲಿ ಕೊಟ್ಟದ್ದು. ಸೋದರಮಾವ ಜಾಲಹಳ್ಳಿಯ ಕಾರ್ಖಾನೆಯಲ್ಲಿ ಜೋಡಣೆ ವಿಭಾಗದಲ್ಲಿದ್ದು, ಆಮೇಲೆ ತುಮಕೂರಿನ ಘಟಕಕ್ಕೆ ಬಂದವರಾದ್ದರಿಂದ ನಮ್ಮ ಮನೆಯಲ್ಲಿ ವಾಚಿನ ಬಗ್ಗೆ ಯಾರೂ ಹಗುರವಾಗಿ ಮಾತಾಡುವಂತಿರಲಿಲ್ಲ. ಬೆಳಿಗ್ಗೆ ಆಕಾಶವಾಣಿಯ ಸಮಯ ಸೂಚನೆ ಬಂದಾಗ ಅಪ್ಪ ಮುಳ್ಳನ್ನು ನೋಡಿ ತಲೆಯಾಡಿಸುತ್ತಿದ್ದರು. ವ್ಯತ್ಯಾಸ ಕಂಡರೆ ರೇಡಿಯೊದ ಮೇಲೆ ಅನುಮಾನ ಬರುತ್ತಿತ್ತೇ ಹೊರತು ಮಾವನ ಕೈಕೆಲಸದ ಮೇಲಲ್ಲ. ಹೀಗಾಗಿ ಎಚ್‌ಎಂಟಿಯ ವಾಚು ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಾಗ ನಮ್ಮ ಮನೆಯಲ್ಲಿ ಅದನ್ನು ಒಂದು ಕಂಪನಿಯ ಸುದ್ದಿಯಾಗಿ ಯಾರೂ ಓದಲಿಲ್ಲ. ಎಲ್ಲರೂ ಒಂದೊಂದು ಕಾರಣ ಹೇಳಿದರು. ಸರ್ಕಾರ ಕೈಬಿಟ್ಟಿತು, ಕಳ್ಳಸಾಗಣೆಯ ವಾಚು ಬಂತು, ಸೆಲ್ಲಿನ ವಾಚು ಬಂತು, ಮೊಬೈಲು ಬಂತು. ಎಲ್ಲವೂ ಹೊರಗಿನಿಂದ ‘ಬಂದವು’. ಒಳಗೆ ಕುಳಿತು ತೀರ್ಮಾನ ಮಾಡಿದ ತಲೆಗಳ ಬಗ್ಗೆ ಒಂದು ಮಾತೂ ಬರಲಿಲ್ಲ.

ಬೀಲ್‌ನಲ್ಲಿ ಹದಿನಾಲ್ಕು ವರ್ಷ ಕಳೆದ ಮೇಲೆ ನನಗೆ ಎದ್ದು ಕಾಣುವ ಅಂತರ ಇದೊಂದೇ. ಹಿಮ, ಶಿಸ್ತು, ಹೊತ್ತಿಗೆ ಸರಿಯಾಗಿ ಬರುವ ರೈಲು, ಇವುಗಳ ವಿಷಯ ಹೊರನಾಡಿಗೆ ಹೋದ ಎಲ್ಲರೂ ಬರೆದಿದ್ದಾರೆ. ಇಲ್ಲಿಯ ಜನ ತಮ್ಮ ಸೋಲಿನ ಕತೆಯನ್ನು ಹೇಳುವಾಗ ‘ನಾವು ಹೀಗೆ ಯೋಚಿಸಿದೆವು, ಅದು ತಪ್ಪಾಗಿತ್ತು’ ಎಂಬಲ್ಲಿಂದ ಆರಂಭಿಸುತ್ತಾರೆ. ನಾವು ‘ಕಾಲ ಕೆಟ್ಟಿತು’ ಎಂಬಲ್ಲಿಂದ ಆರಂಭಿಸುತ್ತೇವೆ.

ಅವರ ಸೋಲೇನೂ ಸಣ್ಣದಲ್ಲ. ಸೆಲ್ಲಿನಿಂದ ನಡೆಯುವ ಕ್ವಾರ್ಟ್ಜ್ ವಾಚು ಜಪಾನಿನಿಂದ ಬಂದು ಸ್ವಿಸ್ ಉದ್ಯಮವನ್ನು ಬಡಿದುಹಾಕಿತು ಎಂಬುದು ಲೋಕಕ್ಕೆಲ್ಲ ಗೊತ್ತಿರುವ ಅರ್ಧ ಕತೆ. ಉಳಿದರ್ಧವನ್ನು ನಾನು ತಿಳಿದದ್ದು ಇಲ್ಲಿಗೆ ಬಂದ ಮೇಲೆ. ಸ್ವಿಸ್ ಕಂಪನಿಗಳೇ ಸೇರಿ 1962ರಲ್ಲಿ ಇಲ್ಲಿಂದ ಅರ್ಧ ಗಂಟೆಯ ದಾರಿಯ ನ್ಯೂಶಾಟೆಲ್‌ನಲ್ಲಿ ಎಲೆಕ್ಟ್ರಾನಿಕ್ ಗಡಿಯಾರಗಳ ಸಂಶೋಧನಾ ಕೇಂದ್ರವೊಂದನ್ನು ಕಟ್ಟಿದ್ದರು. 1967ರಲ್ಲಿ ಆ ಕೇಂದ್ರ ‘ಬೀಟಾ 1’ ಎಂಬ ಕ್ವಾರ್ಟ್ಜ್ ಕೈಗಡಿಯಾರದ ಮಾದರಿಯನ್ನು ಮಾಡಿ ತೋರಿಸಿತು. ಸೈಕೋ ಕಂಪನಿ ತನ್ನ ಆಸ್ಟ್ರಾನ್ ವಾಚನ್ನು ಟೋಕಿಯೊದಲ್ಲಿ ಮಾರಾಟಕ್ಕಿಟ್ಟದ್ದು 1969ರ ಡಿಸೆಂಬರ್ 25ರಂದು. ಬೆಲೆ ನಾಲ್ಕೂವರೆ ಲಕ್ಷ ಯೆನ್, ಆ ಕಾಲದ ಒಂದು ಸಣ್ಣ ಕಾರಿನಷ್ಟು. ಸ್ವಿಸ್ಸರು ‘ಬೀಟಾ 21’ ಯಂತ್ರದ ವಾಚುಗಳನ್ನು 1970ರ ಬಾಸೆಲ್ ಜಾತ್ರೆಯಲ್ಲಿ ಪ್ರದರ್ಶಿಸಿದರು. ಅಂದರೆ ಹಿಂದೆ ಬಿದ್ದದ್ದು ಕೆಲವೇ ತಿಂಗಳು. ಅದಕ್ಕೂ ಮುಂಚೆ, 1950ರ ದಶಕದಲ್ಲಿ, ಶ್ರುತಿಕವೆಯ ಕಂಪನದಿಂದ ನಡೆಯುವ ವಾಚನ್ನು ಮ್ಯಾಕ್ಸ್ ಹೆಟ್ಜೆಲ್ ಎಂಬ ಎಂಜಿನಿಯರ್ ಬುಲೋವಾ ಕಂಪನಿಗಾಗಿ ಕಲ್ಪಿಸಿದ್ದು ನಾನು ದಿನವೂ ತರಕಾರಿ ಕೊಳ್ಳುವ ಇದೇ ಬೀಲ್‌ನಲ್ಲಿ.

ವಿದ್ಯೆ ಇತ್ತು, ಹಣವಿತ್ತು, ಕೈಯಲ್ಲಿ ಮಾದರಿಯೂ ಇತ್ತು. ಇಲ್ಲದೇ ಹೋದದ್ದು ಕಂಪನಿ ನಡೆಸುವವರ ತಲೆಯಲ್ಲಿ ಅದಕ್ಕೊಂದು ಜಾಗ. ಅವರ ಮಟ್ಟಿಗೆ ವಾಚು ಎಂದರೆ ಸ್ಪ್ರಿಂಗು, ಹಲ್ಲಿನ ಚಕ್ರ, ಬ್ಯಾಲೆನ್ಸ್ ವೀಲು, ಅದರ ಟಿಕ್ ಟಿಕ್ ಸದ್ದು. ಸೆಕೆಂಡಿಗೆ 32,768 ಬಾರಿ ಕಂಪಿಸುವ ಒಂದು ಕ್ವಾರ್ಟ್ಜ್ ಹರಳಿನ ಚೂರು ವಾಚಾಗಲು ಸಾಧ್ಯವೇ ಇರಲಿಲ್ಲ. ಅದೊಂದು ರೇಡಿಯೊ ಸಾಮಾನು. ಅದೂ ಅಲ್ಲದೆ 1934ರಿಂದ ಇಲ್ಲಿ ವಾಚು ಉದ್ಯಮಕ್ಕೆಂದೇ ಒಂದು ಕಾನೂನು ಇತ್ತು. ಹೊಸ ಕಾರ್ಖಾನೆ ತೆರೆಯಲು ಪರವಾನಗಿ, ಬಿಡಿಭಾಗ ಹೊರದೇಶಕ್ಕೆ ಕಳಿಸಲು ಪರವಾನಗಿ. ಅದು ಪೂರ್ತಿ ತೊಲಗಿದ್ದು 1971ರಲ್ಲಿ. ಲೈಸೆನ್ಸ್ ರಾಜ್ ನಮ್ಮ ದೇಶದ ಆಸ್ತಿ ಎಂದು ತಿಳಿದಿದ್ದವನಿಗೆ ಇದನ್ನು ಓದಿ ಏಕೋ ಸಮಾಧಾನವೇ ಆಯಿತು. ಕೋಟೆಯೊಳಗೆ ಎರಡು ತಲೆಮಾರು ಸುಖವಾಗಿದ್ದ ಮ್ಯಾನೇಜರುಗಳು ಹೊರಗೆ ಇಣುಕುವ ಅಭ್ಯಾಸವನ್ನೇ ಕಳೆದುಕೊಂಡಿದ್ದರು. 1970ರಲ್ಲಿ ಸುಮಾರು 90,000 ಜನ ದುಡಿಯುತ್ತಿದ್ದ ಉದ್ಯಮದಲ್ಲಿ 1980ರ ದಶಕದ ನಡುವಿಗೆ ಉಳಿದವರು 30,000ಕ್ಕಿಂತ ತುಸು ಹೆಚ್ಚು. ನನ್ನ ರಿಪೇರಿ ಅಜ್ಜನೂ ಕೆಲಸ ಕಳೆದುಕೊಂಡವರಲ್ಲಿ ಒಬ್ಬರು. ಒಂಬತ್ತು ವರ್ಷ ಸಿಟಿ ಬಸ್ಸು ಓಡಿಸಿ, ಮತ್ತೆ ಭೂತಗಾಜು ಕೈಗೆತ್ತಿಕೊಂಡವರು.

ಕೊಯಮತ್ತೂರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಹೇಳಿದ ಸಿ.ಕೆ. ಪ್ರಹ್ಲಾದ್ ಮತ್ತು ಅವರ ಸಹಲೇಖಕ ರಿಚರ್ಡ್ ಬೆಟ್ಟಿಸ್ 1986ರಲ್ಲಿ ಇದಕ್ಕೊಂದು ಹೆಸರು ಕೊಟ್ಟರು. ಕನ್ನಡದಲ್ಲಿ ‘ಮೇಲುಗೈ ಪಡೆದ ತರ್ಕ’ ಎನ್ನಬಹುದೇನೋ. ಕಂಪನಿಯನ್ನು ಒಮ್ಮೆ ಗೆಲ್ಲಿಸಿದ ವಿಚಾರಕ್ರಮ ಮೇಲಿನವರ ತಲೆಯಲ್ಲಿ ಗಟ್ಟಿಯಾಗಿ, ಯಾವ ಸುದ್ದಿ ಮುಖ್ಯ, ಯಾವುದು ಗೌಣ ಎಂದು ಅದೇ ತೀರ್ಮಾನಿಸತೊಡಗುತ್ತದೆ ಎಂಬುದು ಅವರ ಮಾತಿನ ತಿರುಳು. ಗಾಣದ ಎತ್ತಿನ ಕಣ್ಣುಪಟ್ಟಿಯನ್ನು ನೋಡಿದವರಿಗೆ ಇದಕ್ಕೆ ಪ್ರಬಂಧ ಬೇಕಾಗಿಲ್ಲ. ಎತ್ತಿಗೆ ಪಟ್ಟಿಯನ್ನು ಬೇರೆಯವರು ಕಟ್ಟುತ್ತಾರೆ ಎಂಬುದಷ್ಟೇ ವ್ಯತ್ಯಾಸ.

ಇಲ್ಲಿಗೆ ಬರುವ ಮುಂಚೆ ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾಲ್ಕು ವರ್ಷ ಇದ್ದೆ. ಮನೆಮನೆಯ ಕರೆಂಟ್ ಮೀಟರಿನೊಳಗೆ ಒಂದು ತಟ್ಟೆ ತಿರುಗುತ್ತಿತ್ತಲ್ಲ, ಆ ತಟ್ಟೆಯಿಂದ ಅಂಕಿಗಳನ್ನು ಓಡಿಸುವ ಹಿತ್ತಾಳೆಯ ಪುಟ್ಟ ಚಕ್ರಗಳನ್ನು ನಾವು ಮಾಡುತ್ತಿದ್ದೆವು. ಮಾಲೀಕರು ಸಜ್ಜನರು, ಕೈಯಲ್ಲಿ ಎಣ್ಣೆ ಮೆತ್ತಿಸಿಕೊಂಡು ಮೇಲೆ ಬಂದವರು, ಮೆಷಿನಿನ ಸದ್ದು ಕೇಳಿಯೇ ಯಾವ ಬೇರಿಂಗು ಹೋಗಿದೆಯೆಂದು ಹೇಳುತ್ತಿದ್ದವರು. ಬಾಗಿಲಿನ ಎದುರಿಗೆ ಒಂದು ಕರಿಹಲಗೆ: ಇಂದಿನ ಗುರಿ, ಇಂದಿನ ಉತ್ಪಾದನೆ. ಅದೇ ಅವರ ಭಗವದ್ಗೀತೆ. ನಮ್ಮ ಗಿರಾಕಿಗಳು ತಟ್ಟೆಯಿಲ್ಲದ ಎಲೆಕ್ಟ್ರಾನಿಕ್ ಮೀಟರುಗಳನ್ನು ಮಾಡಲು ತೊಡಗಿದ್ದಾರೆಂದು, ಅದರೊಳಗೆ ನಮ್ಮ ಚಕ್ರಕ್ಕೆ ಜಾಗವೇ ಇಲ್ಲವೆಂದು ನಾನು ಒಮ್ಮೆ ಧೈರ್ಯ ಮಾಡಿ ಹೇಳಿದೆ. ಅವರು ಸಿಟ್ಟಾಗಲಿಲ್ಲ. ‘ನೀನು ಮೆಷಿನ್ ನೋಡ್ಕೊಳಪ್ಪ, ಆರ್ಡರ್ ನಾನು ನೋಡ್ಕೋತೀನಿ’ ಎಂದರು. ಆ ವರ್ಷದ ಆಯುಧಪೂಜೆಗೆ ಹಲ್ಲು ಕೊರೆಯುವ ಎರಡು ಹೊಸ ಮೆಷಿನುಗಳು ಬಂದವು. ಸಾಲ ಮಾಡಿ ತಂದ ಅವಕ್ಕೆ ಕುಂಬಳಕಾಯಿ ಒಡೆದು, ಕುಂಕುಮ ಹಚ್ಚಿ, ಚುರುಮುರಿ ಹಂಚಿದೆವು. ಹಲಗೆಯ ಮೇಲಿನ ಗುರಿಯ ಅಂಕಿ ದೊಡ್ಡದಾಯಿತು. ಈಗ ಆ ಶೆಡ್ಡಿನಲ್ಲಿ ಯಾವುದೋ ಕೊರಿಯರ್ ಕಂಪನಿಯ ಗೋದಾಮಿದೆ.

ನಾನು ಈಗ ಕೆಲಸ ಮಾಡುವ ಜಾಗವೂ ದೊಡ್ಡದೇನಲ್ಲ. ಅರವತ್ತು ಜನ, ಅಕ್ಕಿಕಾಳಿಗಿಂತ ಸಣ್ಣ ಸ್ಕ್ರೂಗಳು, ಮೂರು ತಲೆಮಾರಿನಿಂದ ವಾಚು ಕಂಪನಿಗಳಿಗೆ ಪೂರೈಕೆ. ನಾನು ಸೇರಿದ ಎರಡನೆಯ ವರ್ಷ ಆರ್ಡರು ಕುಗ್ಗಿದಾಗ ಮಾಲೀಕ ಒಂದು ಮಧ್ಯಾಹ್ನ ಮೆಷಿನುಗಳನ್ನು ನಿಲ್ಲಿಸಿ ಎಲ್ಲರನ್ನೂ, ನೆಲ ಒರೆಸುವ ಹೆಂಗಸನ್ನೂ ಸೇರಿಸಿ, ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿದ: ‘ನಾವು ವಾಚಿನ ಸ್ಕ್ರೂ ಮಾಡುವವರೋ ಅಥವಾ ಸಣ್ಣ ಸ್ಕ್ರೂ ಮಾಡುವವರೋ?’ ಎರಡೂ ಒಂದೇ ಅಲ್ಲವೇ ಎಂದು ನನಗೆ ಅನಿಸಿತ್ತು. ಅಲ್ಲ. ಮೊದಲನೆಯದು ಉತ್ತರವಾದರೆ ವಾಚು ಕಂಪನಿಗಳ ಬಾಗಿಲಲ್ಲಿ ಇನ್ನಷ್ಟು ಕಡಿಮೆ ದರ ಹಿಡಿದು ನಿಲ್ಲಬೇಕು. ಎರಡನೆಯದಾದರೆ ಹಲ್ಲಿನ ವೈದ್ಯರು, ಮೂಳೆ ಜೋಡಿಸುವ ವೈದ್ಯರು ಎಲ್ಲರೂ ನಮ್ಮ ಗಿರಾಕಿಗಳು. ಈ ಜೂರಾ ಬೆಟ್ಟಸಾಲಿನ ಎಷ್ಟೋ ಬಿಡಿಭಾಗದ ಕಾರ್ಖಾನೆಗಳು ಹೀಗೆಯೇ ವೈದ್ಯಕೀಯ ಉಪಕರಣಗಳ ಕಡೆಗೆ ಹೊರಳಿದವು. ಆವತ್ತು ನನ್ನ ಸರದಿ ಬಂದಾಗ ಹಳೆಯ ಅಭ್ಯಾಸದಂತೆ ‘ನೀವು ಹೇಗೆ ಹೇಳುತ್ತೀರೋ ಹಾಗೆ’ ಎಂದೆ. ಮಾಲೀಕನಿಗೆ ಅದು ವಿನಯವಾಗಿ ಕಾಣಲಿಲ್ಲ. ನನಗೆ ಏನೂ ತೋಚಿಲ್ಲವೆಂದು ತಿಳಿದು ಮುಂದಿನವನ ಕಡೆಗೆ ತಿರುಗಿದ.

ಇದೇ ಮನೋಭಾವದ ದೊಡ್ಡ ಕತೆ ಸ್ವಾಚ್. ಆ ಕತೆಯ ಒಂದು ತುಣುಕು ನನಗೆ ಬಹಳ ಇಷ್ಟ. ಇಲ್ಲಿಂದ ಹತ್ತಿರದ ಗ್ರೆಂಚೆನ್ ಊರಿನಲ್ಲಿ, ವಾಚಿನ ಒಳಯಂತ್ರ ಮಾಡುವ ಈಟಿಎ ಕಾರ್ಖಾನೆಯಲ್ಲಿ ಎಲ್ಮಾರ್ ಮಾಕ್ ಎಂಬ ತರುಣ ಎಂಜಿನಿಯರ್, 1980ರಲ್ಲಿ, ಉದ್ಯಮವೇ ಮುಳುಗುತ್ತಿದ್ದ ಹೊತ್ತಿನಲ್ಲಿ, ಪ್ಲಾಸ್ಟಿಕ್ ಅಚ್ಚು ಹೊಯ್ಯುವ ಒಂದು ಮೆಷಿನಿಗೆ ಆರ್ಡರು ಕೊಡುತ್ತಾನೆ. ಬೆಲೆ ಸುಮಾರು ಅರ್ಧ ಮಿಲಿಯನ್ ಫ್ರಾಂಕ್. ಮುಖ್ಯಸ್ಥ ಅರ್ನ್ಸ್ಟ್ ಟೋಮ್ಕೆ ಕೆಂಡವಾಗಿ ಕರೆಸುತ್ತಾರೆ. ಮಾಕ್ ತನ್ನ ಸ್ನೇಹಿತ ಜಾಕ್ ಮ್ಯುಲರ್‌ನೊಂದಿಗೆ ಕುಳಿತು ಅವಸರದಲ್ಲಿ ಒಂದು ಚಿತ್ರ ಬರೆದುಕೊಂಡು ಹೋಗುತ್ತಾನೆ: ಪ್ಲಾಸ್ಟಿಕ್ ಕವಚವೇ ತಳವಾಗಿ, ಅದರೊಳಗೆ ನೇರವಾಗಿ ಯಂತ್ರವನ್ನು ಕೂರಿಸಿದ ಅಗ್ಗದ ವಾಚು. ಮೆಷಿನು ಯಾಕೆ ಎಂಬ ಪ್ರಶ್ನೆಗೆ ಆ ಚಿತ್ರವೇ ಉತ್ತರ. ಟೋಮ್ಕೆ ಚಿತ್ರ ನೋಡಿದ ಮೇಲೆ ಸಿಟ್ಟು ಬಿಟ್ಟು ಅವರನ್ನು ಆ ಕೆಲಸಕ್ಕೇ ಹಚ್ಚಿದರು. ಸಾಮಾನ್ಯ ವಾಚಿನಲ್ಲಿ ತೊಂಬತ್ತಕ್ಕೂ ಮೀರಿದ್ದ ಬಿಡಿಭಾಗಗಳು ಅದರಲ್ಲಿ 51ಕ್ಕೆ ಇಳಿದವು. 1983ರ ಮಾರ್ಚ್ 1ರಂದು ಜ್ಯೂರಿಚ್‌ನಲ್ಲಿ ಸ್ವಾಚ್ ಬಿಡುಗಡೆಯಾಯಿತು, ಐವತ್ತು ಫ್ರಾಂಕಿನೊಳಗಿನ ಬೆಲೆಗೆ.

ಇದೇ ಪ್ರಸಂಗ ನಮ್ಮ ಕಡೆ ನಡೆದಿದ್ದರೆ ಏನಾಗುತ್ತಿತ್ತು ಎಂದು ಊಹಿಸಲು ನನಗೆ ಕಷ್ಟವೇನಿಲ್ಲ. ಮೊದಲಿಗೆ ಕಾರಣ ಕೇಳಿ ನೋಟಿಸು. ಆಮೇಲೆ ಆ ನೋಟಿಸಿಗೆ ಉತ್ತರ ಬರೆಯುವುದರಲ್ಲಿ ಮಾಕ್‌ನ ಯೌವನ. ಮೆಷಿನು ವಾಪಸು ಹೋಗುತ್ತಿತ್ತು, ಚಿತ್ರ ಫೈಲಿನೊಳಗೆ ಸೇರುತ್ತಿತ್ತು. ಟೋಮ್ಕೆ ಮಾಡಿದ ದೊಡ್ಡ ಕೆಲಸವೆಂದರೆ ಬಯ್ಯಲೆಂದು ಕರೆಸಿದವನ ಕೈಯಲ್ಲಿದ್ದ ಕಾಗದವನ್ನು ನೋಡಿದ್ದು. ಅವರು ಅದೇ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಕೆಲಸ ಕಲಿತು, ಆಮೇಲೆ ರಸಾಯನಶಾಸ್ತ್ರವನ್ನೂ ವೈದ್ಯಶಾಸ್ತ್ರವನ್ನೂ ಓದಿ, ಔಷಧಿ ಕಂಪನಿಯಲ್ಲಿ ಮಾರಾಟ ನೋಡಿಕೊಂಡು ಮರಳಿ ಬಂದವರು. ವಾಚನ್ನು ಹೊರಗಿನಿಂದಲೂ ಒಮ್ಮೆ ನೋಡಿ ಬಂದಿದ್ದ ಕಣ್ಣು ಅದು. ಅವರ ಮೇಲೆ ಬಂದು ಕೂತ ನಿಕೋಲಾಸ್ ಹಯೆಕ್ ಇನ್ನೂ ಹೊರಗಿನವರು. ಬೈರೂತ್‌ನಲ್ಲಿ ಹುಟ್ಟಿದ ಸಲಹೆಗಾರ. ಮುಳುಗುತ್ತಿದ್ದ ಎರಡು ದೊಡ್ಡ ಸಮೂಹಗಳ ಲೆಕ್ಕ ನೋಡಿ ಹೇಳಿ ಎಂದು ಬ್ಯಾಂಕುಗಳು ಕರೆಸಿದ್ದ ಆ ಮನುಷ್ಯ, ಅವನ್ನು 1983ರಲ್ಲಿ ಒಂದಾಗಿಸಿ, ಎರಡು ವರ್ಷದಲ್ಲಿ ಹೂಡಿಕೆದಾರರನ್ನು ಸೇರಿಸಿಕೊಂಡು ತಾನೇ ಹಿಡಿತಕ್ಕೆ ತೆಗೆದುಕೊಂಡರು. ಕೂಲಿ ದುಬಾರಿಯಾದ ದೇಶದಲ್ಲಿ ಅಗ್ಗದ ವಾಚು ಮಾಡಲಾಗದು ಎಂಬ ಎಲ್ಲರ ನಂಬಿಕೆಗೆ ಅವರ ಉತ್ತರ ಸರಳ: ಒಟ್ಟು ಖರ್ಚಿನಲ್ಲಿ ಕೂಲಿಯ ಪಾಲು ನೂರಕ್ಕೆ ಹತ್ತಕ್ಕಿಂತ ಕಡಿಮೆಯಾಗುವಂತೆ ತಯಾರಿಕೆಯನ್ನು ರೂಪಿಸಿದರೆ ಯಾವ ದೇಶವಾದರೂ ಸರಿ. ಇನ್ನೊಂದು ನಂಬಿಕೆಯೂ ಜೊತೆಗೇ ಬಿತ್ತು. ವಾಚು ಜೀವಮಾನಕ್ಕೆ ಒಂದು ಎಂಬ ಕಾಲ ಹೋಗಿ, ಅದು ಕೊರಳಿನ ಟೈ ಥರ ಬಟ್ಟೆಗೆ ತಕ್ಕಂತೆ ಬದಲಾಗುವ ವಸ್ತುವಾಯಿತು.

ಜೀವಮಾನಕ್ಕೆ ಒಂದು ವಾಚು ಎಂಬುದು ನಮ್ಮ ನಂಬಿಕೆಯೂ ಆಗಿತ್ತು. ಎಚ್‌ಎಂಟಿ ಹುಟ್ಟಿದ್ದು 1953ರಲ್ಲಿ, ಯಂತ್ರೋಪಕರಣಗಳಿಗಾಗಿ, ಅದೂ ಇದೇ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ. ವಾಚು ವಿಭಾಗ ಬಂದದ್ದು 1961ರಲ್ಲಿ, ಸಿಟಿಜನ್ ನೆರವಿನಿಂದ. ಹೊರದೇಶದ ವಾಚು ಕಾನೂನು ಪ್ರಕಾರ ಸಿಗುವುದೇ ದುರ್ಲಭವಾಗಿದ್ದ ದಿನಗಳವು. ಜನತಾ, ಪೈಲಟ್, ಸೋನಾ, ಕಾಂಚನ್ ವಾಚುಗಳಿಗಾಗಿ ಜನ ಕಾದು ನಿಲ್ಲುತ್ತಿದ್ದರು. ಕಾಂಚನ್ ಇಲ್ಲದೆ ಗಂಡಿನ ಕಡೆಯವರು ಮುಖ ಗಂಟಿಕ್ಕಿದ ಮದುವೆಗಳನ್ನು ನಮ್ಮ ಹಿರಿಯರು ಇನ್ನೂ ನೆನೆಯುತ್ತಾರೆ. ಮಾಡಿದ್ದೆಲ್ಲ ಮಾರಾಟವಾಗುವ ಕಾಲದಲ್ಲಿ ಮೇಲೆ ಕೂತವರ ತಲೆಯಲ್ಲಿ ಉಳಿಯುವುದು ‘ಎಷ್ಟು ಮಾಡಿದೆವು’ ಎಂಬ ಒಂದೇ ಪ್ರಶ್ನೆ. ‘ಯಾಕೆ ಕೊಳ್ಳುತ್ತಾರೆ’ ಎಂಬ ಪ್ರಶ್ನೆ ಹುಟ್ಟುವುದಕ್ಕೆ ಅಲ್ಲಿ ಎಡೆಯೇ ಇರುವುದಿಲ್ಲ. ಕ್ವಾರ್ಟ್ಜ್ ಗೊತ್ತಿರಲಿಲ್ಲ ಎನ್ನುವಂತೆಯೂ ಇಲ್ಲ. 1980ರ ದಶಕದ ಆರಂಭದಲ್ಲೇ ಎಚ್‌ಎಂಟಿ ಕ್ವಾರ್ಟ್ಜ್ ವಾಚು ಹೊರತಂದಿತ್ತು. ಆದರೆ ನ್ಯೂಶಾಟೆಲ್‌ನ ಬೀಟಾದಂತೆ ಅದೂ ಒಂದು ಪಕ್ಕದ ಕೋಣೆಯ ಕೂಸಾಯಿತು. ತಯಾರಿಕೆಯ ಭಾರವೆಲ್ಲ ಕೀ ಕೊಡುವ ವಾಚಿನ ಮೇಲೆಯೇ ಉಳಿಯಿತು. ವಿದ್ಯೆ ಕಲಿಸಿದ ಸಿಟಿಜನ್ ಅಷ್ಟರಲ್ಲಿ ತಾನೇ ಕ್ವಾರ್ಟ್ಜ್ ಕಡೆಗೆ ನಡೆದುಹೋಗಿತ್ತು.

ಆಗ ಜಾಲಹಳ್ಳಿಯಿಂದ ಎರಡು ಗಂಟೆಯ ದಾರಿಯೂ ಅಲ್ಲದ ಹೊಸೂರಿನಲ್ಲಿ, ಗಡಿಯ ಆಚೆ, ಟಾಟಾ ಮತ್ತು ತಮಿಳುನಾಡಿನ ಕೈಗಾರಿಕಾ ಅಭಿವೃದ್ಧಿ ನಿಗಮ ಸೇರಿ 1984ರಲ್ಲಿ ಟೈಟನ್ ಕಂಪನಿ ಹುಟ್ಟುಹಾಕಿದವು. ಅದನ್ನು ಕಟ್ಟಿದ ಜರ್ಕ್ಸಿಸ್ ದೇಸಾಯಿ ಅವರ ತಲೆಯಲ್ಲಿದ್ದ ವಾಚು ಬೇರೆಯದೇ. ಅದು ಮೊದಲಿಗೆ ಒಂದು ಉಡುಗೊರೆ, ಆಮೇಲೆ ಒಂದು ಆಭರಣ, ಸಮಯ ತೋರಿಸುವುದು ಅದರ ಜೊತೆಗೆ ಬರುವ ಸೌಲಭ್ಯ. ಹೀಗೆ ಯೋಚಿಸಿದ ಕೂಡಲೇ ಉಳಿದ ತೀರ್ಮಾನಗಳೆಲ್ಲ ತಾವಾಗಿ ಸಾಲುಗಟ್ಟಿದವು: ಕ್ವಾರ್ಟ್ಜ್‌ಗೇ ಒತ್ತು, ತೆಳುವಾದ ಕವಚ, ಗಾಜಿನ ಕಪಾಟಿನ ಸ್ವಂತ ಷೋರೂಮು, ಮೊಜಾರ್ಟ್‌ನ ಸಂಗೀತವಿದ್ದ ಜಾಹೀರಾತು. ಎಚ್‌ಎಂಟಿಯಲ್ಲಿ ಪಳಗಿದ ಕೆಲವು ತಂತ್ರಜ್ಞರೂ ಅಲ್ಲಿಗೆ ಹೋದರು. ಅವೇ ಕೈಗಳು, ಅದೇ ನೀರು, ಅದೇ ಮುದ್ದೆ ಸಾರು; ತಲೆ ಬೇರೆಯಾದ ಕೂಡಲೇ ವಾಚು ಬೇರೆಯಾಯಿತು. ಮದುವೆಗೆ ಎಚ್‌ಎಂಟಿ ಕಟ್ಟಿಕೊಂಡ ಅಪ್ಪನೇ ನಾನು ಪಿಯುಸಿ ಪಾಸಾದಾಗ ತುಮಕೂರಿನ ಎಂ.ಜಿ. ರಸ್ತೆಯಲ್ಲಿ ನನಗೆ ಕೊಡಿಸಿದ್ದು ಟೈಟನ್. ಮಾವನಿಗೆ ಮೂರು ತಿಂಗಳು ಅದನ್ನು ತೋರಿಸದೆ ಬಚ್ಚಿಟ್ಟಿದ್ದೆವು.

ಇಷ್ಟನ್ನೆಲ್ಲ ನಾನು ಕಳೆದ ತಿಂಗಳು ಫೋನಿನಲ್ಲಿ ಮಾವನ ಮುಂದೆ ಒಪ್ಪಿಸಿದೆ, ಸ್ವಲ್ಪ ಪಾಠ ಹೇಳುವ ಧಾಟಿಯಲ್ಲಿಯೇ. ಎಂಬತ್ತರ ಹತ್ತಿರದ ಮಾವ ಪೂರ್ತಿ ಕೇಳಿಸಿಕೊಂಡರು. ‘ಸರಿ ಕಣೋ. ಆದ್ರೆ ವಾಚು ಮಾಡೋದು ಒಂದು ಕೆಲಸ, ಊರು ಮಾಡೋದು ಇನ್ನೊಂದು ಕೆಲಸ. ನಮಗೆ ಎರಡನ್ನೂ ಮಾಡಿ ಅಂದಿದ್ರು’ ಎಂದರು.

ಆ ಮಾತಿಗೆ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಶ್ರೀನಗರ, ತುಮಕೂರು, ಹಿಮಾಲಯದ ತಪ್ಪಲಿನ ರಾಣಿಬಾಗ್, ಹೀಗೆ ದೂರದೂರದ ಊರುಗಳಲ್ಲಿ ವಾಚು ಕಾರ್ಖಾನೆ ಇಟ್ಟದ್ದು ವಾಚಿನ ಹಿತಕ್ಕಾಗಿ ಮಾತ್ರ ಅಲ್ಲ. ಆ ಊರುಗಳಿಗೆ ಕೆಲಸ ಸಿಗಲೆಂದು. ಸರ್ಕಾರಿ ಉದ್ದಿಮೆಯ ಮುಖ್ಯಸ್ಥರಿಗೆ ಟೋಮ್ಕೆಯಂತೆ ಒಂದು ಚಿತ್ರ ನೋಡಿ ಮನಸ್ಸು ಬದಲಿಸುವ ಸ್ವಾತಂತ್ರ್ಯ ಎಲ್ಲಿಂದ ಬರಬೇಕು? ದೊಡ್ಡ ಹೂಡಿಕೆಗೆಲ್ಲ ದೆಹಲಿಯ ಒಪ್ಪಿಗೆ ಬೇಕಿದ್ದ ಕಡೆ ಅವರ ತಲೆಯಲ್ಲಿ ಎಂಥ ಹೊಸ ವಾಚು ಇದ್ದರೂ ಅದು ತಲೆಯಲ್ಲೇ ಇರಬೇಕಿತ್ತು. ಇತ್ತ ಸ್ವಿಸ್ಸರು ಮನಸ್ಸು ಬದಲಿಸಿದ ಬೆಲೆಯನ್ನು ತೆತ್ತವರು ಮ್ಯಾನೇಜರುಗಳಲ್ಲ, ಬಸ್ಸು ಓಡಿಸಲು ಹೋದ ನನ್ನ ಅಜ್ಜನಂಥವರು. ಅದೇ ಹೊತ್ತಿನಲ್ಲಿ ಮಾವ ಸಂಬಳ ತಂದು, ಮೂವರು ಮಕ್ಕಳನ್ನು ಓದಿಸಿ, ಮನೆ ಕಟ್ಟಿಸಿ, ಹಾರ ಹಾಕಿಸಿಕೊಂಡು ನಿವೃತ್ತರಾದರು. ಲಾಭ ನಷ್ಟದ ಪಟ್ಟಿಯಲ್ಲಿ ಇದನ್ನು ಯಾವ ಕಡೆ ಬರೆಯಬೇಕೆಂದು ನನಗೆ ಬೀಲ್‌ನಲ್ಲಿ ಯಾರೂ ಕಲಿಸಿಲ್ಲ.

ಇನ್ನೊಂದು ಮಾತನ್ನೂ ಒಲ್ಲದ ಮನಸ್ಸಿನಿಂದ ಒಪ್ಪಬೇಕು. ಒಮ್ಮೆ ಕಣ್ಣುಪಟ್ಟಿ ಕಿತ್ತವರು ಮತ್ತೆ ಕಟ್ಟಿಕೊಳ್ಳುವುದಿಲ್ಲವೆಂದೇನೂ ಇಲ್ಲ. 2015ರಲ್ಲಿ ಆ್ಯಪಲ್ ಕಂಪನಿಯ ವಾಚು ಬಂದಾಗ ಇಲ್ಲಿಯ ಊಟದ ಮೇಜುಗಳಲ್ಲಿ ಕೇಳಿದ ನಗೆ ನನಗೆ ನೆನಪಿದೆ: ಅದು ವಾಚಲ್ಲ, ಕೈಗೆ ಕಟ್ಟಿದ ಫೋನು. 1970ರ ‘ರೇಡಿಯೊ ಸಾಮಾನು’ ಎಂಬ ಮಾತೇ ಬಟ್ಟೆ ಬದಲಿಸಿ ಬಂದಿತ್ತು. ನಾಲ್ಕೇ ವರ್ಷದಲ್ಲಿ ಆ ಒಂದು ಕಂಪನಿ ಇಡೀ ಸ್ವಿಸ್ ಉದ್ಯಮಕ್ಕಿಂತ ಹೆಚ್ಚು ವಾಚು ಮಾರಿತೆಂದು ಮಾರುಕಟ್ಟೆಯ ಅಂದಾಜುಗಳು ಹೇಳಿದವು. ಆದರೂ 2023ರಲ್ಲಿ ಸ್ವಿಸ್ ವಾಚುಗಳ ರಫ್ತು 26 ಬಿಲಿಯನ್ ಫ್ರಾಂಕ್ ದಾಟಿತು, ಎರಡು ಕೋಟಿಗೂ ಕಡಿಮೆ ವಾಚುಗಳಿಂದ. ಹೀಗಾಗಿ ನಕ್ಕವರು ತಪ್ಪೋ ಸರಿಯೋ ಎಂದು ತೀರ್ಪು ಕೊಡಲು ನಾನು ಅವಸರ ಮಾಡುವುದಿಲ್ಲ. ಐವತ್ತು ಫ್ರಾಂಕಿನ ವಾಚು ಮಾಡುವವರ ಕಾರಿಡಾರಿನಲ್ಲಿ ಆ ನಗು ಈಗ ಅಷ್ಟಾಗಿ ಕೇಳುವುದಿಲ್ಲ ಎಂದಷ್ಟೇ ಹೇಳಬಲ್ಲೆ.

ಅಜ್ಜನ ಪ್ರಶ್ನೆಗೆ ಕೊಡಬಹುದಾಗಿದ್ದ ಒಂದು ಉತ್ತರ ಹೊಳೆದದ್ದು ತೀರ ತಡವಾಗಿ. ನಮ್ಮ ತಾತಂದಿರ ಕಾಲದಲ್ಲಿ ಮುಂಬಯಿಯಿಂದ ದೇಶವೆಲ್ಲ ಮಾರಾಟವಾಗುತ್ತಿದ್ದ ಫಾವ್ರ್ ಲ್ಯೂಬಾ ಎಂಬ ಹಳೆಯ ಸ್ವಿಸ್ ಹೆಸರನ್ನು 2011ರಲ್ಲಿ ಕೊಂಡದ್ದು ಟೈಟನ್. ಕೆಲವು ವರ್ಷಗಳ ಮೇಲೆ ಅದನ್ನು ಮಾರಿಬಿಟ್ಟಿತು ಎನ್ನುವುದೂ ನಿಜ, ಆದರೆ ಆ ಭಾಗವನ್ನು ನಾನು ನುಂಗಿಕೊಳ್ಳಬಹುದಿತ್ತು. ವಾಚು ತರಲು ಹೋದ ದಿನ ಈ ಮಾತನ್ನು ಬಾಯಿಪಾಠ ಮಾಡಿಕೊಂಡೇ ಹೋಗಿದ್ದೆ. ಅಜ್ಜನಿಗೆ ತಾನು ಕೇಳಿದ ಪ್ರಶ್ನೆ ಮರೆತೇ ಹೋಗಿತ್ತು. ತೊಂಬತ್ತೈದು ಫ್ರಾಂಕ್ ತೆಗೆದುಕೊಂಡು, ರಸೀತಿಯಲ್ಲಿ ತಯಾರಕರ ಹೆಸರಿನ ಜಾಗದಲ್ಲಿ ‘ಎಚ್‌ಎಂಟಿ, ಬೆಂಗಳೂರು’ ಎಂದು ದುಂಡಾಗಿ ಬರೆದು, ಕೈಕುಲುಕಿ ಕಳಿಸಿದರು.

ಮನೆಗೆ ಬಂದು ಮಾವನಿಗೆ ಫೋನು ಮಾಡಿದೆ. ರಿಪೇರಿಗೆ ತೆತ್ತ ದುಡ್ಡನ್ನು ರೂಪಾಯಿಗೆ ಇಳಿಸಿ ಹೇಳುವ ಧೈರ್ಯ ಆಗಲಿಲ್ಲ. ಅವರು ಕೇಳಿದ್ದೂ ಅದನ್ನಲ್ಲ.

‘ಈಗ ಹೆಂಗೆ ನಡೀತಿದೆ?’

‘ದಿನಕ್ಕೆ ಹನ್ನೆರಡು ಸೆಕೆಂಡು ಮುಂದೆ ಹೋಗ್ತಿದೆ ಮಾವ.’

‘ಹನ್ನೆರಡಾ?’ ಎಂದು ಒಂದು ಗಳಿಗೆ ಸುಮ್ಮನಾದರು. ‘ಯುಗಾದಿಗೆ ಬರ್ತೀಯಲ್ಲ, ತಗೊಂಬಾ. ನಾನು ಒಂದ್ಸಲ ನೋಡ್ತೀನಿ.’